ಕವಡೆ ಎಸೆದು ಸ್ವರ ಆರಿಸುವ ಪೆಟ್ಟಿಗೆ

ಚೌಕಾಬಾರದಲ್ಲಿ 4 ಕವಡೆ ಎಸೆದಾಗ ಎರಡು ಅಂಗಾತ, ಎರಡು ಕವುಚಿ ಬೀಳುವುದು ಮಾಮೂಲು. ನಾಲ್ಕೂ ಕವುಚಿ ಬಿದ್ದು ಎಂಟು ಸಿಗುವುದು ಅಪರೂಪ. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದು ಹಿಡಿದರೆ, ಒಟ್ಟು 16 ಸಾಧ್ಯತೆಗಳಲ್ಲಿ 6 ಎರಡರ ಪಾಲು, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ. ಕವಡೆ ಕುರುಡು. ಆದರೂ ಆಟಕ್ಕೆ ಒಂದು ನಡೆ ಬರುತ್ತದೆ, ಏಕೆಂದರೆ ಪಾಲುಗಳು ಸಮನಾಗಿಲ್ಲ, ಮನೆಗಳಿಗೆ ಕಟ್ಟುಪಾಡು ಇದೆ.

ತನ್ನಷ್ಟಕ್ಕೆ ಸ್ವರ ಆರಿಸಿ ನುಡಿಸುವ ಡಿಜಿಟಲ್ ಸಿಂಥಸೈಜರ್ ಕಟ್ಟುವುದೂ ಇದೇ ಬಗೆಯ ಕೆಲಸ. ಐದು ಸ್ವರ ಕೊಟ್ಟು, ಪ್ರತಿ ಮಾತ್ರೆಗೂ ಐದರಲ್ಲೊಂದನ್ನು ಯಂತ್ರ ಎತ್ತಿಕೊಳ್ಳಲಿ ಎಂದು ಬಿಟ್ಟರೆ ಬರುವುದು ತಗಡಿನ ಮಾಡಿನ ಮೇಲೆ ಮಳೆ ಹುಯ್ದ ಹಾಗೆ: ಎರಡು ನಿಮಿಷ ಹಿತ, ಆಮೇಲೆ ಕಿವಿ ಅದನ್ನು ಕೇಳುವುದನ್ನೇ ನಿಲ್ಲಿಸುತ್ತದೆ. ಶಿರಸಿ, ಕುಮಟಾ, ಹೊನ್ನಾವರದ ಕಡೆ ಹಿಂದುಸ್ತಾನಿ ಕೇಳಿ ಬೆಳೆದವರಿಗೆ ಎರಡು ನಿಮಿಷವೂ ಬೇಕಿಲ್ಲ. ಧಾಟಿ ಹುಟ್ಟುವುದು ಮೂರು ಕಡೆ: ಯಾವ ಸ್ವರದಿಂದ ಯಾವುದಕ್ಕೆ ಎಷ್ಟು ಪಾಲು, ಒಮ್ಮೆ ಬಂದದ್ದು ಮತ್ತೆ ಎಷ್ಟು ಸಲ ಬರುತ್ತದೆ, ಎಲ್ಲಿ ನಿಲ್ಲುತ್ತದೆ. ಇವು ಮೂರರ ನಡುವೆ ಉಳಿಯುವ ಸಂದಿ ಮಾತ್ರ ಕವಡೆಗೆ ಸೇರಿದ್ದು. ಆ ಸಂದಿ ಎಷ್ಟು ಅಗಲ ಇರಬೇಕು ಎನ್ನುವುದೇ ಈ ಬರಹದ ವಿಷಯ. ಜೊತೆಗೆ ಬೆಸುಗೆ ಕಡ್ಡಿ ಹಿಡಿದವರಿಗೆ ಬೇಕಾದ ವಿವರವೂ ಇದೆ.

ಬೇಕಾಗುವ ಸಾಮಾನು

ಒಂದು ರಾಸ್ಪ್‌ಬೆರಿ ಪೈ ಪಿಕೊ (ಪ್ರೋಗ್ರಾಂ ಓಡಿಸುವ ಪುಟ್ಟ ಬೋರ್ಡು), ಒಂದು ಪಿಸಿಎಂ5102ಎ ಡ್ಯಾಕ್ ಬೋರ್ಡು (ಅಂಕಿಗಳನ್ನು ಧ್ವನಿಯ ಸಿಗ್ನಲ್ ಆಗಿಸುವುದು), 10 ಕಿಲೋಓಮ್‌ನ ಲೀನಿಯರ್ ಪಾಟ್ (ತಿರುಗಿಸುವ ಪೊಟೆನ್ಶಿಯೋಮೀಟರ್) ಮೂರು, ಒತ್ತುವ ಬಟನ್ ಎರಡು, 100 ನ್ಯಾನೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಮೂರು, ಒಂದು 3.5 ಮಿಮೀ ಸ್ಟೀರಿಯೊ ಜಾಕ್. ಪಿಕೊದಲ್ಲಿರುವ ಆರ್‌ಪಿ2040 ಚಿಪ್‌ಗೆ ಎರಡು ಕೋರ್ ಇವೆ, 264 ಕಿಲೋಬೈಟ್ ರ್ಯಾಮ್ ಇದೆ, ದಶಾಂಶ ಲೆಕ್ಕಕ್ಕೆ ಪ್ರತ್ಯೇಕ ಘಟಕ ಇಲ್ಲ. ಆ ಕೊರತೆ ಇಲ್ಲಿ ಅಡ್ಡಿ ಬರುವುದಿಲ್ಲ. ನಾದ ಹುಟ್ಟಿಸಲು ನಾವು ಬಳಸುವ ವಿಧಾನಕ್ಕೆ ಕೂಡಿಸುವುದು, ಅರ್ಧ ಮಾಡುವುದು, ಒಂದೆರಡು ಪೂರ್ಣಾಂಕ ಗುಣಾಕಾರ ಇಷ್ಟೇ ಸಾಕು.

ಡ್ಯಾಕ್‌ಗೆ ಐ2ಎಸ್‌ನ (ಅಂಕಿರೂಪದ ಧ್ವನಿ ಸಾಗಿಸುವ ವಿಧಾನ) ಮೂರು ತಂತಿ ಹೋಗುತ್ತವೆ. ಪಿಕೊಗೆ ಸಿಗುವ ಸಿದ್ಧ ಆಡಿಯೊ ಲೈಬ್ರರಿಗಳು ಸಾಮಾನ್ಯವಾಗಿ ಜಿಪಿ26, 27, 28 ಪಿನ್‌ಗಳನ್ನೇ ಇದಕ್ಕೆ ಹಿಡಿಯುತ್ತವೆ. ಪಾಟ್ ಓದಲು ಇರುವ ಅನಲಾಗ್ ಪಿನ್‌ಗಳೂ ಅವೇ. ಎರಡನ್ನೂ ಜೋಡಿಸಿದರೆ ಪಾಟ್ ತಿರುಗಿಸಿದಂತೆ ಧ್ವನಿ ಸಾಯುತ್ತದೆ, ಜನ ಡ್ಯಾಕ್ ಕೆಟ್ಟಿತೆಂದು ಎಸೆಯುತ್ತಾರೆ. ಡ್ಯಾಕ್ ಬೋರ್ಡಿನ ಪಿನ್‌ಗಳಲ್ಲಿ ಬಿಸಿಕೆ ಜಿಪಿ10ಕ್ಕೆ, ಎಲ್‌ಸಿಕೆ ಜಿಪಿ11ಕ್ಕೆ, ಡಿಐಎನ್ ಜಿಪಿ12ಕ್ಕೆ ಕೊಟ್ಟು, ಪ್ರೋಗ್ರಾಮಿನಲ್ಲೂ ಹಾಗೇ ಬರೆಯಿರಿ. ಎಲ್‌ಸಿಕೆ ಯಾವಾಗಲೂ ಬಿಸಿಕೆಯ ಮುಂದಿನ ಪಿನ್ ಆಗಿರಬೇಕು. ಎಸ್‌ಸಿಕೆಯನ್ನು ಗ್ರೌಂಡ್‌ಗೆ ಬೆಸೆಯಿರಿ, ಚಿಪ್ ತನ್ನ ಗಡಿಯಾರವನ್ನು ತಾನೇ ಮಾಡಿಕೊಳ್ಳುತ್ತದೆ. ಗಾಳಿಯಲ್ಲಿ ಬಿಟ್ಟರೆ ಒಮ್ಮೆ ಕೊರಗುಟ್ಟುತ್ತದೆ, ಒಮ್ಮೆ ಮೌನ. ಬೋರ್ಡಿನ ಹಿಂಬದಿಯಲ್ಲಿ ನಾಲ್ಕು ಬೆಸುಗೆ ಸೇತುವೆಗಳಿವೆ. ಮೂರನೆಯದು ಎಚ್ ಬದಿಗೆ, ಉಳಿದ ಮೂರೂ ಎಲ್ ಬದಿಗೆ. ಮೂರನೆಯದು ಧ್ವನಿ ಮುಚ್ಚುವ ಪಿನ್. ಅದು ಬೆಸೆಯದೆ ಬಂದ ಬೋರ್ಡುಗಳೂ ಕೈಗೆ ಸಿಗುತ್ತವೆ, ಎಲ್ಲ ಸರಿ ಇದ್ದೂ ಸದ್ದಿಲ್ಲ ಎಂದಾದರೆ ಮೊದಲು ಅಲ್ಲಿ ನೋಡಿ. ಹೊರಬರುವ ಸಿಗ್ನಲ್ ಪೂರ್ಣ ಮಟ್ಟದಲ್ಲಿ 2.1 ವೋಲ್ಟ್. ಅದು ಲೈನ್ ಮಟ್ಟ, ಆಂಪ್ಲಿಫೈಯರಿನ ಮೈಕ್ ತೂತಿಗೆ ಸಿಕ್ಕಿಸಿದರೆ ಒಡೆದ ಧ್ವನಿಯೇ ಬರುತ್ತದೆ.

ಪಾಟ್‌ಗಳ ನಡುಗಾಲಿಗೂ ಗ್ರೌಂಡ್‌ಗೂ ನಡುವೆ ಆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಇರಲಿ. ಪಿಕೊದ ಅನಲಾಗ್ ಓದು 12 ಬಿಟ್ ಎಂದು ಹೇಳಿದರೂ ಕೊನೆಯ ಮೂರ್ನಾಲ್ಕು ಬಿಟ್ ನಂಬುವಂಥದ್ದಲ್ಲ. ಜಿಪಿ23ನ್ನು ಹೈ ಮಾಡಿದರೆ ಬೋರ್ಡಿನ ವಿದ್ಯುತ್ ಪೂರೈಕೆಯ ಅಲುಗಾಟ ಕಡಿಮೆಯಾಗಿ ಓದು ಸ್ವಲ್ಪ ಶಾಂತವಾಗುತ್ತದೆ.

ಕವಡೆ ಎಲ್ಲಿಂದ

ಬಹಳ ಜನ ತೆರೆದ ಅನಲಾಗ್ ಪಿನ್ನನ್ನು ಓದಿ ಅದೇ ಯಾದೃಚ್ಛಿಕ ಎಂದುಕೊಳ್ಳುತ್ತಾರೆ. ಆ ಪಿನ್ ಹಿಡಿಯುವುದು ಮನೆಯ ವೈರಿಂಗ್‌ನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನು. ನೋಡಲು ಅಡ್ಡಾದಿಡ್ಡಿ, ಒಳಗೆ ಅಲೆಯಂತೆ ನಿಯತ. ಇನ್ನು ಕೆಲವರು ಟ್ರಾನ್ಸಿಸ್ಟರ್‌ನ ಬೇಸ್-ಎಮಿಟರ್ ಸಂದಿಯನ್ನು ಉಲ್ಟಾ ಕಟ್ಟಿ ಅದರ ಗದ್ದಲ ತೆಗೆಯುತ್ತಾರೆ. ಒಳ್ಳೆಯ ದಾರಿಯೇ, ಆದರೆ ಬಿಸಿ547 ಥರದ್ದರಲ್ಲಿ ಆ ಸಂದಿ ಒಡೆಯಲು 5 ವೋಲ್ಟ್ ಸಾಲದು. ಯುಎಸ್‌ಬಿಯಿಂದ ನಡೆಯುವ ಪೆಟ್ಟಿಗೆಗೆ ಅದಕ್ಕೆಂದೇ 12 ವೋಲ್ಟ್ ಮಾಡಿಕೊಳ್ಳಬೇಕಾಗುತ್ತದೆ.

ಪಿಕೊದ ಒಳಗೇ ಒಂದು ರಿಂಗ್ ಆಸಿಲೇಟರ್ ಇದೆ, ಅದರಿಂದ ಒಂದೊಂದೇ ಬಿಟ್ ಓದಬಹುದು. ಆ ಬಿಟ್‌ಗಳು ಒಂದು ಕಡೆ ವಾಲುತ್ತವೆ. ಎಸೆದ ಕವಡೆ ಕೂಡ ಹಾಗೇ. ವಾಲಿಕೆ ತೆಗೆಯಲು ಜಾನ್ ಫಾನ್ ನಾಯ್ಮನ್ 1951ರಲ್ಲಿ ಹೇಳಿದ ಉಪಾಯ ಇಂದಿಗೂ ಸಾಕು: ಎರಡೆರಡು ಬಿಟ್ ಓದಿ, 01 ಬಂದರೆ ಸೊನ್ನೆ, 10 ಬಂದರೆ ಒಂದು, ಎರಡೂ ಒಂದೇ ಆಗಿದ್ದರೆ ಎಸೆದುಬಿಡಿ. ಒಂದು ಓದಿಗೂ ಮುಂದಿನದಕ್ಕೂ ನಡುವೆ ಕೆಲವು ಮೈಕ್ರೊಸೆಕೆಂಡ್ ಬಿಡುವು ಇರಲಿ, ಇಲ್ಲದಿದ್ದರೆ ಪಕ್ಕಪಕ್ಕದ ಬಿಟ್‌ಗಳು ಒಂದನ್ನೊಂದು ನಕಲು ಮಾಡುತ್ತವೆ.

ಹೀಗೆ ಸಿಕ್ಕ 32 ಬಿಟ್‌ನ ಸಂಖ್ಯೆಯನ್ನು ಬೀಜವಾಗಿ, ಅಂದರೆ ಶುರುವಿನ ಸಂಖ್ಯೆಯಾಗಿ ಮಾತ್ರ ಬಳಸಿ. ಮುಂದಿನ ಎಲ್ಲ ಎಸೆತಗಳಿಗೆ ಎಕ್ಸಾರ್‌ಶಿಫ್ಟ್ ಸಾಕು: ಸಂಖ್ಯೆಯನ್ನು 13 ಸ್ಥಾನ ಎಡಕ್ಕೆ ಸರಿಸಿ ತನ್ನೊಂದಿಗೇ ಎಕ್ಸಾರ್ (ಎರಡು ಬಿಟ್ ಬೇರೆಯಾದರೆ ಒಂದು, ಒಂದೇ ಆದರೆ ಸೊನ್ನೆ), 17 ಬಲಕ್ಕೆ ಸರಿಸಿ ಎಕ್ಸಾರ್, 5 ಎಡಕ್ಕೆ ಸರಿಸಿ ಎಕ್ಸಾರ್. ಮೂರು ಸಾಲು. ಇದು 4294967295 ಎಸೆತಗಳ ನಂತರ ಮೊದಲಿಗೆ ಮರಳುತ್ತದೆ. ಸೆಕೆಂಡಿಗೆ 3 ಸ್ವರದಂತೆ 45 ವರ್ಷ. 16 ಬಿಟ್‌ನ ಶಿಫ್ಟ್ ರಿಜಿಸ್ಟರ್ ಬಳಸಿದರೆ 65535ಕ್ಕೇ ಸುತ್ತು ಮುಗಿದು, ಆರು ಗಂಟೆಗೆ ಅದೇ ಕಥೆ ಮೊದಲಿಂದ. ಎರಡರಲ್ಲೂ ಬೀಜ ಸೊನ್ನೆ ಆಗಕೂಡದು. ಸೊನ್ನೆಯಿಂದ ಸೊನ್ನೆಯೇ ಹುಟ್ಟುತ್ತದೆ, ಪೆಟ್ಟಿಗೆ ಒಂದೇ ಸ್ವರ ಹಿಡಿದು ಕೂರುತ್ತದೆ.

ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಹಳೆಯ ಗುಣಿಸಿ-ಕೂಡಿಸುವ ಜನರೇಟರ್‌ಗಳಲ್ಲಿ ಇನ್ನೊಂದು ಹೊಂಡ ಇದೆ. ಮಾಡ್ಯುಲಸ್ (ಶೇಷ ತೆಗೆಯಲು ಭಾಗಿಸುವ ಸಂಖ್ಯೆ) ಎರಡರ ಘಾತವಾಗಿದ್ದರೆ ಕೊನೆಯ ಬಿಟ್ ಸುಮ್ಮನೆ ಸೊನ್ನೆ, ಒಂದು, ಸೊನ್ನೆ, ಒಂದು ಎಂದು ಕುಣಿಯುತ್ತದೆ. ಆ ಬಿಟ್ ನೋಡಿ ‘ಮೇಲೆ ಹೋಗಲೇ, ಕೆಳಗೆ ಇಳಿಯಲೇ’ ಎಂದು ತೀರ್ಮಾನಿಸುವ ಯಂತ್ರ ಜೋಕಾಲಿ ಆಡಿದ ಹಾಗೆ ಎರಡೇ ಸ್ವರದ ನಡುವೆ ತೂಗುತ್ತದೆ. ಯಾವ ಜನರೇಟರ್ ಆದರೂ ಮೇಲಿನ ಬಿಟ್‌ಗಳನ್ನೇ ಬಳಸುವ ರೂಢಿ ಇಟ್ಟುಕೊಳ್ಳಿ. 4 ಬಿಟ್ ತೆಗೆದು ಐದರಿಂದ ಭಾಗಿಸಿ ಶೇಷ ಹಿಡಿಯುವುದೂ ತಪ್ಪು: 16ರಲ್ಲಿ ಮೊದಲ ಸ್ವರಕ್ಕೆ 4 ಪಾಲು, ಉಳಿದವಕ್ಕೆ ಮೂರು ಮೂರು. ಬೇಡದ ವಾದಿ (ರಾಗದ ಮುಖ್ಯ) ಸ್ವರವೊಂದು ತಾನಾಗಿ ಹುಟ್ಟಿಬಿಡುತ್ತದೆ.

ಧಾಟಿಗೆ ಒಂದು ಜನರೇಟರ್, ತಾಳಕ್ಕೆ ಒಂದು, ನಾದದೊಳಗಿನ ಗದ್ದಲಕ್ಕೆ ಮತ್ತೊಂದು ಹೀಗೆ ಮೂರನ್ನು ಬೇರೆ ಬೇರೆ ಇಡಿ. ಒಂದೇ ಬಾವಿಯಿಂದ ಮೂವರೂ ನೀರು ಸೇದಿದರೆ, ಲಯದ ಪಾಟ್ ಒಂದಿಷ್ಟು ತಿರುಗಿಸಿದ್ದಕ್ಕೆ ಸ್ವರಗಳೂ ಬದಲಾಗುತ್ತವೆ. ಏನು ಯಾತರಿಂದ ಆಯಿತು ಎಂದು ಪತ್ತೆ ಹಚ್ಚುವುದು ಆಮೇಲೆ ಅಸಾಧ್ಯ.

ಪಾಲಿನ ಕೋಷ್ಟಕ

ಭೂಪ್ ಮತ್ತು ದೇಶ್‌ಕಾರ್ ಎರಡಕ್ಕೂ ಸಾ ರೆ ಗ ಪ ಧ ಅದೇ ಐದು ಸ್ವರ. ಒಂದು ಸಂಜೆಯದು, ವಾದಿ ಗ, ಸಂವಾದಿ (ಎರಡನೆಯ ಮುಖ್ಯ ಸ್ವರ) ಧ, ಓಡಾಟ ಪೂರ್ವಾಂಗದಲ್ಲಿ (ಸಪ್ತಕದ ಕೆಳ ಅರ್ಧ). ಇನ್ನೊಂದು ಬೆಳಗಿನದು, ವಾದಿ ಧ, ಸಂವಾದಿ ಗ, ಓಡಾಟ ಉತ್ತರಾಂಗದಲ್ಲಿ (ಮೇಲಿನ ಅರ್ಧ), ರೆ ದುರ್ಬಲ. ಸ್ವರಪಟ್ಟಿಯನ್ನಷ್ಟೇ ಬಲ್ಲ ಯಂತ್ರಕ್ಕೆ ಇವೆರಡೂ ಒಂದೇ ರಾಗ. ಹಾಗಾಗಿ ಈ ಜೋಡಿಯೇ ಒಳ್ಳೆಯ ಪರೀಕ್ಷೆ: ನಿಮ್ಮ ಪೆಟ್ಟಿಗೆ ಎರಡನ್ನೂ ಬೇರೆಯಾಗಿ ಕೇಳಿಸಿದರೆ ವಿನ್ಯಾಸ ಸರಿದಾರಿಯಲ್ಲಿದೆ.

ಪ್ರತಿ ಸ್ವರಕ್ಕೂ ಒಂದು ಸಾಲು, ಸಾಲಿಗೆ 16 ಪಾಲು. ಭೂಪ್‌ಗೆ ಶುರು ಮಾಡಲು ಹೀಗೆ (ಮಂದ್ರ ಎಂದರೆ ಕೆಳಗಿನ ಸಪ್ತಕ, ತಾರ ಎಂದರೆ ಮೇಲಿನದು):

ಸಾ ಆದ ಮೇಲೆ: ರೆ 8, ಮಂದ್ರ ಧ 4, ಗ 2, ಸಾ 2
ರೆ ಆದ ಮೇಲೆ: ಗ 7, ಸಾ 6, ಪ 2, ರೆ 1
ಗ ಆದ ಮೇಲೆ: ರೆ 6, ಪ 5, ಗ 2, ಸಾ 2, ಧ 1
ಪ ಆದ ಮೇಲೆ: ಗ 7, ಧ 6, ತಾರ ಸಾ 1, ರೆ 1, ಪ 1
ಧ ಆದ ಮೇಲೆ: ಪ 8, ತಾರ ಸಾ 6, ಧ 1, ಗ 1

ಈ ಅಂಕಿಗಳು ಶಾಸ್ತ್ರದ್ದಲ್ಲ. ‘ಪ ಗ’, ‘ಧ ಪ ಗ’, ‘ಗ ರೆ ಸಾ ಧ’ ಮುಂತಾದ ಚಲನೆಗಳು ಹೆಚ್ಚು ಬರಲಿ ಎಂದು ಕಿವಿಯಿಂದ ಅಳೆದು ಇಟ್ಟದ್ದು. ನಿಮ್ಮ ಗುರುಗಳು ಕಲಿಸಿದ ಪಕಡಿಗೆ (ರಾಗದ ಗುರುತಿನ ಸ್ವರಗುಚ್ಛಕ್ಕೆ) ತಕ್ಕಂತೆ ತಿದ್ದಿಕೊಳ್ಳಿ. ದೇಶ್‌ಕಾರ್‌ಗೆ ಪ ಸಾಲನ್ನು ಧ 9, ಗ 4, ತಾರ ಸಾ 2, ಪ 1 ಎಂದೂ, ಧ ಸಾಲನ್ನು ಪ 6, ಧ 5, ತಾರ ಸಾ 4, ಗ 1 ಎಂದೂ ಬದಲಿಸಿ, ಗ ಸಾಲಿನಲ್ಲಿ ರೆಯ ಪಾಲನ್ನು ಕಿತ್ತು ಪ-ಗೆ ಕೊಟ್ಟರೆ ಧಾಟಿ ಮೇಲಕ್ಕೆ ಏರಿ ಕೂರುತ್ತದೆ.

ಮಂದ್ರ ಪ-ದಿಂದ ತಾರ ಗ-ವರೆಗೆ 10 ಮೆಟ್ಟಿಲು ಸಾಕು. ಒಂದು ಕೋಷ್ಟಕಕ್ಕೆ 100 ಬೈಟ್. ಏರುವಾಗ ಒಂದು, ಇಳಿಯುವಾಗ ಒಂದು ಎಂದು ಎರಡು ಕೋಷ್ಟಕ ಇಟ್ಟರೂ 200. ಭೂಪ್‌ಗೆ ಎರಡು ಬೇಕಿಲ್ಲ. ಯಮನ್‌ಗೆ ಬೇಕೇ ಬೇಕು, ಏಕೆಂದರೆ ‘ನಿ ರೆ ಗ’ ಎಂದು ಏರುವಾಗ ಸಾ ಬಿಡುವ ನಡೆ ಇಳಿಯುವಾಗ ಇಲ್ಲ. ಹಿಂದಿನ ಒಂದು ಸ್ವರವನ್ನು ಮಾತ್ರ ನೆನಪಿಟ್ಟ ಯಂತ್ರಕ್ಕೆ ತಾನು ಏರುತ್ತಿದ್ದೇನೋ ಇಳಿಯುತ್ತಿದ್ದೇನೋ ತಿಳಿಯುವುದಿಲ್ಲ. ತುದಿಯ ಮೆಟ್ಟಿಲುಗಳಲ್ಲಿ ಹೊರಗೆ ಹೋಗುವ ಪಾಲು ಸೊನ್ನೆ ಇರಲಿ. ಇಲ್ಲವಾದರೆ ಪ್ರೋಗ್ರಾಂ ಕೋಷ್ಟಕದ ಆಚೆಯ ಮೆಮೊರಿ ಓದಿ ಯಾವುದೋ ಕಿರುಚು ಹೊರಡಿಸುತ್ತದೆ.

ಆರಿಸುವಾಗ ಸಾಲಿನ ಮೊತ್ತವನ್ನು ಪ್ರತಿ ಸಲವೂ ಕೂಡಿ, ಆ ಮೊತ್ತದೊಳಗೆ ಎಸೆಯಿರಿ. ಮೊತ್ತ 16 ಎಂದು ನಂಬಿ ಬರೆದಿಟ್ಟು, ಆಮೇಲೆ ಒಂದು ಅಂಕಿ ತಿದ್ದಿ 15 ಮಾಡಿದರೆ, ಹದಿನಾರರಲ್ಲಿ ಒಂದು ಸಲ ಆಯ್ಕೆ ಸಾಲಿನಿಂದ ಹೊರಗೆ ಬೀಳುತ್ತದೆ. ಅಪರೂಪಕ್ಕೆ ಬರುವ ತಪ್ಪೇ ಹುಡುಕಲು ಕಷ್ಟ.

ಕೋಷ್ಟಕ ಬರೆದ ಮೇಲೆ ಪೆಟ್ಟಿಗೆಗೆ ಹಾಕುವ ಮುಂಚೆ ಕಂಪ್ಯೂಟರಿನಲ್ಲಿ ಹತ್ತಿಪ್ಪತ್ತು ಸಾವಿರ ಸಲ ಓಡಿಸಿ ಎಣಿಸಿ. ಮೇಲಿನ ಭೂಪ್‌ನಲ್ಲಿ ಸಪ್ತಕ ಮರೆತು ಲೆಕ್ಕ ಹಾಕಿದರೆ ಗ ಸುಮಾರು 24%, ರೆ ಮತ್ತು ಸಾ 21% ಆಸುಪಾಸು, ಪ 19, ಧ 15. ಸಂವಾದಿಯೇ ಎಲ್ಲಕ್ಕಿಂತ ಕಡಿಮೆ! ಇದು ಕೋಷ್ಟಕದ ದೋಷ ಎಂದು ಧ-ದ ಪಾಲು ಏರಿಸಲು ಹೊರಟರೆ ಭೂಪ್ ಹೋಗಿ ದೇಶ್‌ಕಾರ್ ಇಣುಕುತ್ತದೆ. ಸ್ವರಕ್ಕೆ ತೂಕ ಬರುವುದು ಎಷ್ಟು ಸಲ ಬಂತು ಎಂಬುದಕ್ಕಿಂತ ಎಷ್ಟು ಹೊತ್ತು ನಿಂತಿತು ಎಂಬುದರಿಂದ. ತಾಳದ ವಿಭಾಗದ ಮೊದಲ ಮಾತ್ರೆಗೆ ವಾದಿ ಅಥವಾ ಸಂವಾದಿ ಬಂದರೆ, ಎರಡರಲ್ಲಿ ಒಂದು ಸಲ ಮುಂದಿನ ಹೆಜ್ಜೆಯನ್ನು ನುಂಗಿ ಅದನ್ನೇ ಎಳೆಯಲಿ. ಈ ಒಂದು ನಿಯಮ ಹಾಕಿದಾಗ ಆಗುವ ಬದಲಾವಣೆ ಕೋಷ್ಟಕವನ್ನು ಒಂದು ವಾರ ತಿದ್ದಿದರೂ ಆಗುವುದಿಲ್ಲ.

ಮತ್ತೆ ಬರುವುದು

ಬಂದದ್ದು ಮತ್ತೆ ಬಂದಾಗಲೇ ಕೇಳುಗನಿಗೆ ಅದು ಧಾಟಿ. ಇದಕ್ಕೆ ಟಾಮ್ ವಿಟ್ವೆಲ್ ಅವರ ಟ್ಯೂರಿಂಗ್ ಮಷೀನ್ ಎಂಬ ಮಾಡ್ಯೂಲ್ ತೋರಿಸಿದ ದಾರಿ ಸರಳ: 16 ಮನೆಗಳ ಒಂದು ಸುತ್ತು, ಪ್ರತಿ ಹೆಜ್ಜೆಯಲ್ಲೂ ಹಳೆಯದೇ ಮುಂದುವರಿಯಬೇಕೋ ಬದಲಾಗಬೇಕೋ ಎಂದು ಒಂದು ಎಸೆತ. ಎಸೆತದ ಸಾಧ್ಯತೆ ಒಂದು ಪಾಟ್‌ನ ಕೈಯಲ್ಲಿ.

ಸಾಧ್ಯತೆ 1/16 ಇದ್ದರೆ ಸುತ್ತಿಗೆ ಸರಾಸರಿ ಒಂದು ಮನೆಗೆ ಹೊಸ ಎಸೆತ. ಮೂರು ಸುತ್ತಿಗೊಮ್ಮೆ ಏನೂ ಬದಲಾಗದೆ ಹಾಗೇ ಬರುತ್ತದೆ (ಲೆಕ್ಕದಲ್ಲಿ 36%). 1/4 ಇಟ್ಟರೆ ಹಾಗೇ ಬರುವ ಸುತ್ತು ನೂರಕ್ಕೆ ಒಂದು. ಅಂದರೆ ಕೇಳುವಂಥದ್ದೆಲ್ಲ ಪಾಟ್‌ನ ಮೊದಲ ಕಾಲುಭಾಗದಲ್ಲೇ ಮುಗಿಯಿತು, ಉಳಿದ ಮುಕ್ಕಾಲು ವ್ಯರ್ಥ. ಪಾಟ್ ಓದನ್ನು 0ಯಿಂದ 1ರೊಳಗೆ ತಂದು ಅದರ ಘನ ತೆಗೆಯಿರಿ. ಆಗ ಅರ್ಧ ತಿರುವಿಗೆ 1/8, ಶೇ. 40 ತಿರುವಿಗೆ ಸುಮಾರು 1/16, ಬೆರಳಿಗೆ ಆಡಲು ಜಾಗ ಸಿಗುತ್ತದೆ. ಕೆಳತುದಿಯ ಶೇ. 2ರಷ್ಟನ್ನು ಪೂರ್ತಿ ಸೊನ್ನೆ ಎಂದೇ ಹಿಡಿಯಿರಿ. ಪಾಟ್ ಪೂರ್ತಿ ಕೆಳತುದಿಗೆ ತಿರುಗಿಸಿದರೂ ಓದು 4095ರಲ್ಲಿ ಹತ್ತೋ ಇಪ್ಪತ್ತೋ ಉಳಿಯುವುದುಂಟು. ಘನ ತೆಗೆಯದ ವಿನ್ಯಾಸದಲ್ಲಿ ‘ಬೀಗ ಹಾಕಿದ’ ಧಾಟಿ ತಾಸೊಪ್ಪತ್ತಿನಲ್ಲಿ ಸೋರಿ ಬೇರೆಯಾಗಿರುತ್ತದೆ.

ಇಲ್ಲಿಯೇ ಹೆಚ್ಚಿನ ಯಂತ್ರಗಳು ಎಡವುವ ಜಾಗ. ನಡುವಿನ ಒಂದು ಸ್ವರ ಬದಲಿಸುವಾಗ ಹಿಂದಿನ ಸ್ವರದ ಸಾಲು ನೋಡಿ ಹೊಸತನ್ನು ಆರಿಸಿದರೆ, ಅದಕ್ಕೂ ಮುಂದಿನ ಹಳೆಯ ಸ್ವರಕ್ಕೂ ಸಂಬಂಧ ಕಡಿದುಹೋಗಿರುತ್ತದೆ. ‘ಗ ಪ ಧ’ ಇದ್ದದ್ದು ‘ಗ ರೆ ಧ’ ಆಗಿ ನೆಗೆಯುತ್ತದೆ. ಹೊಸ ಸ್ವರದ ಪಾಲನ್ನು ಎರಡು ಪಾಲುಗಳ ಗುಣಲಬ್ಧವಾಗಿ ಹಿಡಿಯಬೇಕು: ಹಿಂದಿನದರಿಂದ ಅದಕ್ಕೆ ಎಷ್ಟು, ಅದರಿಂದ ಮುಂದಿನದಕ್ಕೆ ಎಷ್ಟು. ಗ ಮತ್ತು ಧ ನಡುವೆ ಮೇಲಿನ ಕೋಷ್ಟಕದಂತೆ ಪ-ಗೆ 5×6=30, ಗ-ಗೆ 2×1=2, ಧ-ಗೆ 1×1=1, ರೆ ಮತ್ತು ಸಾ-ಗೆ ಸೊನ್ನೆ. ಮೂವತ್ತಮೂರರಲ್ಲಿ ಮೂವತ್ತು ಪಾಲು ಪ. ರಾಗ ತಾನೇ ತನ್ನ ಗಾಯ ಮಾಯಿಸಿಕೊಳ್ಳುತ್ತದೆ. ಎಲ್ಲವೂ ಸೊನ್ನೆ ಬಂದರೆ ಹಳೆಯ ಸ್ವರವನ್ನೇ ಇಟ್ಟುಕೊಳ್ಳಿ.

ಏರಿಳಿತಕ್ಕೆ ಕಡಲಿನ ಲೆಕ್ಕ

ಸದ್ದಿನ ಮಟ್ಟವನ್ನೂ ಪ್ರತಿ ಸ್ವರಕ್ಕೆ ಹೊಸದಾಗಿ ಎಸೆದರೆ ಬಿಕ್ಕಿದಂತೆ ಕೇಳುತ್ತದೆ. ಪ್ರತಿ ಸಲ ಒಂದೇ ಮೆಟ್ಟಿಲು ಏರಿ ಇಳಿದರೆ ಎಲ್ಲೋ ಅಲೆದು ಬೇಗ ಮರಳುವುದಿಲ್ಲ. ಕಾರವಾರದ ದಂಡೆಯಲ್ಲಿ ನಿಂತವರಿಗೆ ಮೂರನೆಯ ದಾರಿ ಕಣ್ಣೆದುರೇ ಇದೆ. ದಿನಕ್ಕೆ ಎರಡು ಸಲ ಭರತ, ಅದರ ಮೇಲೆ ಕೆಲವು ಸೆಕೆಂಡಿಗೊಂದು ಅಲೆ, ಅಲೆಯ ಮೈಮೇಲೆ ಕಿರುತೆರೆ. ನೀರಿನ ಮಟ್ಟ ಇವೆಲ್ಲದರ ಮೊತ್ತ. ರಿಚರ್ಡ್ ವಾಸ್ ಮತ್ತು ಜಾನ್ ಕ್ಲಾರ್ಕ್ 1975ರಲ್ಲಿ ಸಂಗೀತದ ಏರಿಳಿತದಲ್ಲಿ ಇಂಥ ನಡೆಯನ್ನೇ ಅಳೆದು ತೋರಿಸಿದರು. ವಾಸ್ ಅದಕ್ಕೆ ದಾಳಗಳ ಸುಲಭ ವಿಧಾನವನ್ನೂ ಕೊಟ್ಟರು.

ನಾಲ್ಕು ದಾಳ ಇಟ್ಟುಕೊಳ್ಳಿ, ಪ್ರತಿಯೊಂದಕ್ಕೂ 0ಯಿಂದ 3. ಮೊದಲನೆಯದನ್ನು ಪ್ರತಿ ಹೆಜ್ಜೆಗೂ, ಎರಡನೆಯದನ್ನು 2 ಹೆಜ್ಜೆಗೊಮ್ಮೆ, ಮೂರನೆಯದನ್ನು 4ಕ್ಕೆ, ನಾಲ್ಕನೆಯದನ್ನು 8ಕ್ಕೆ ಎಸೆದು ಕೂಡಿಸಿ. 0ಯಿಂದ 12ರ ಮೊತ್ತವೇ ಆ ಸ್ವರದ ಮೀಟಿನ ಬಲ. ಇದನ್ನು ಸ್ವರ ಆರಿಸಲೂ ಬಳಸಬಹುದು ಎಂದು ಪುಸ್ತಕಗಳು ಹೇಳುತ್ತವೆ. ರಾಗದ ಕಟ್ಟುಪಾಡು ಇರುವ ಕಡೆ ಅದು ಸರಿಹೊಂದುವುದಿಲ್ಲ, ಮೀಟಿಗೆ ಮಾತ್ರ ಇರಲಿ.

ತಂತಿಯ ನಾದ

ನಾದಕ್ಕೆ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ 1983ರಲ್ಲಿ ಪ್ರಕಟಿಸಿದ ಮೀಟುತಂತಿಯ ವಿಧಾನವನ್ನೇ ಹಿಡಿಯಿರಿ. ಒಂದು ಬಫರ್ (ಅಂಕಿಗಳ ಸಾಲು ಹಿಡಿದಿಡುವ ಮೆಮೊರಿಯ ತುಂಡು) ತುಂಬ ಗದ್ದಲ ತುಂಬಿ, ಸುತ್ತ ತಿರುಗಿಸುತ್ತ, ಪಕ್ಕದ ಎರಡು ಸ್ಯಾಂಪಲ್‌ಗಳ (ಧ್ವನಿಯ ಒಂದೊಂದು ಕ್ಷಣದ ಅಂಕಿಗಳ) ಸರಾಸರಿಯನ್ನು ಮತ್ತೆ ಒಳಗೆ ಬರೆಯುತ್ತ ಹೋದರೆ ಗದ್ದಲ ಕರಗಿ ತಂತಿ ಮೀಟಿದ ಧ್ವನಿಯಾಗುತ್ತದೆ. ಧಾಟಿಯೂ ಕವಡೆಯಿಂದ, ನಾದವೂ ಕವಡೆಯಿಂದ.

ಶ್ರುತಿ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಎಂದರೆ ಸಾ 277.18 ಹರ್ಟ್ಸ್. ಸೆಕೆಂಡಿಗೆ 44100 ಸ್ಯಾಂಪಲ್‌ನಲ್ಲಿ ಬಫರಿನ ಉದ್ದ 44100/277.18, ಅದರಲ್ಲಿ ಸರಾಸರಿಯ ವಿಳಂಬ ಅರ್ಧ ಕಳೆದರೆ 158.6. ಬಫರ್ ಪೂರ್ಣಾಂಕವೇ ಆಗಬೇಕಲ್ಲ ಎಂದು 159 ಇಟ್ಟರೆ ಸಾ 4 ಸೆಂಟ್ (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಪಾಲು) ಇಳಿಯುತ್ತದೆ. ತಾರ ರೆ-ಗೆ ಬೇಕಾದದ್ದು 70.2, ಇಟ್ಟದ್ದು 70, ಅದು 5 ಸೆಂಟ್ ಏರುತ್ತದೆ. ಎರಡರ ಅಂತರ 9 ಸೆಂಟ್ ತಪ್ಪಿತು. ಹಿಂದೆ ತಾನ್ಪುರ ಹಾಕಿಕೊಂಡು ಕೇಳಿ, ಹಲ್ಲು ಜುಮ್ಮೆನ್ನುತ್ತದೆ. ಉಳಿದ ಭಿನ್ನಕ್ಕೆ, ಧ್ವನಿಯನ್ನು ಮಂಕು ಮಾಡದೆ ತುಸು ವಿಳಂಬ ಮಾತ್ರ ಸೇರಿಸುವ ಒಂದು ಆಲ್‌ಪಾಸ್ ಫಿಲ್ಟರ್ ಹಾಕಬೇಕು: ಭಿನ್ನ ಡಿ ಆದರೆ ಗುಣಕ (1−ಡಿ)/(1+ಡಿ). ಸಾ-ಗೆ 158 ಸ್ಯಾಂಪಲ್ ಮತ್ತು ಡಿ 0.6, ಗುಣಕ ಸುಮಾರು 0.25. ತಾರ ಸಾ-ಗೆ 79.05 ಬರುತ್ತದೆ. ಭಿನ್ನ ಅಷ್ಟು ಚಿಕ್ಕದಾದರೆ ಗುಣಕ ಒಂದರ ಹತ್ತಿರ ಹೋಗಿ ಮೀಟು ಎಳೆದುಕೊಳ್ಳುತ್ತದೆ; ಆಗ 78 ಸ್ಯಾಂಪಲ್ ಇಟ್ಟು ಡಿ 1.05 ಎಂದು ಹಿಡಿಯಿರಿ. ಫಿಲ್ಟರ್ ಬದಲು ಎರಡು ಸ್ಯಾಂಪಲ್ ನಡುವೆ ನೇರ ಗೆರೆ ಎಳೆದರೂ ಶ್ರುತಿ ಸರಿಯಾಗುತ್ತದೆ, ಆದರೆ ತಾರದ ಸ್ವರಗಳು ಮಂಕಾಗುತ್ತವೆ.

ಸ್ವರಸ್ಥಾನಗಳಿಗೆ 9/8, 5/4, 3/2, 5/3 ಅನುಪಾತ ಬಳಸಿ. ಕೀಬೋರ್ಡಿನ ಸಮಾನ ಶ್ರುತಿಯ ಗ 5/4ಕ್ಕಿಂತ ಸುಮಾರು 14 ಸೆಂಟ್ ಮೇಲಿದೆ. ಭೂಪ್‌ನ ವಾದಿಯೇ ಅಷ್ಟು ತಪ್ಪಿದ ಮೇಲೆ ಉಳಿದ ಶ್ರಮಕ್ಕೆ ಅರ್ಥ ಇಲ್ಲ.

ಎರಡು ಸಣ್ಣ ಹೊಂಡಗಳು. ಬಫರಿಗೆ ತುಂಬಿದ ಗದ್ದಲದ ಸರಾಸರಿ ಸೊನ್ನೆ ಇಲ್ಲದಿದ್ದರೆ, ಆ ಹೆಚ್ಚುವರಿ ಎಂದೂ ಕರಗುವುದಿಲ್ಲ, ಮೀಟಿದಾಗಲೆಲ್ಲ ಸ್ಪೀಕರ್ ಧಬ್ ಎನ್ನುತ್ತದೆ. ತುಂಬಿದ ಕೂಡಲೇ ಸರಾಸರಿ ಕಳೆಯಿರಿ. ಪೂರ್ಣಾಂಕದಲ್ಲಿ ಅರ್ಧ ಮಾಡಲು ಬಿಟ್ ಬಲಕ್ಕೆ ಸರಿಸಿದಾಗ ಉತ್ತರ ಯಾವಾಗಲೂ ಕೆಳಮುಖವಾಗಿ ಕತ್ತರಿಸಲ್ಪಟ್ಟು ನಾದ ಋಣದ ಕಡೆ ಜಾರುತ್ತದೆ. ಸರಿಸುವ ಮುಂಚೆ ಮೊತ್ತಕ್ಕೆ ಒಂದು ಯಾದೃಚ್ಛಿಕ ಬಿಟ್ ಕೂಡಿಸಿದರೆ ಸರಿಹೋಗುತ್ತದೆ. ಎರಡು ತಂತಿ ಇಟ್ಟುಕೊಂಡು ಒಂದಾದ ಮೇಲೊಂದು ಮೀಟಿ, ಹಿಂದಿನದನ್ನು 60 ಮಿಲಿಸೆಕೆಂಡಿನಲ್ಲಿ ತಗ್ಗಿಸಿ. ಒಂದೇ ಬಫರಿಗೆ ಮತ್ತೆ ಗದ್ದಲ ಸುರಿದರೆ ಟಕ್ ಎಂಬ ಸದ್ದು ತಪ್ಪದು.

ಕಾಲ

ಹೆಜ್ಜೆಯ ಉದ್ದವನ್ನು ಮಿಲಿಸೆಕೆಂಡಿನಲ್ಲಿ ಅಳೆಯಬೇಡಿ, ಸ್ಯಾಂಪಲ್ ಎಣಿಸಿ. ನಿಮಿಷಕ್ಕೆ 90 ಮಾತ್ರೆ, ಮಾತ್ರೆಗೆ ಎರಡು ಸ್ವರ ಎಂದರೆ ಸರಿಯಾಗಿ 14700 ಸ್ಯಾಂಪಲ್. ಡ್ಯಾಕ್‌ಗೆ 256ರ ಕಂತಿನಲ್ಲಿ ಕಳಿಸುವಾಗ ಕಂತು 5.8 ಮಿಲಿಸೆಕೆಂಡ್, ಸ್ವರ ಕಂತಿನ ಆರಂಭಕ್ಕೇ ಶುರುವಾಗಲಿ ಎಂದು ಬಿಟ್ಟರೆ ಲಯ ಅಷ್ಟು ಕುಂಟುತ್ತದೆ. ಕಂತಿನ ನಡುವೆಯೇ ಸ್ವರ ಹುಟ್ಟಲಿ. ಧ್ವನಿಯ ಕೆಲಸ ಒಂದು ಕೋರ್‌ಗೆ, ಪಾಟ್ ಓದುವುದು ಇನ್ನೊಂದಕ್ಕೆ. ಬೀಜವನ್ನು ಫ್ಲಾಶ್ ಮೆಮೊರಿಗೆ ಬರೆಯುವಾಗ ಅಲ್ಲಿನ ಒಂದು ವಿಭಾಗ ಅಳಿಸಲು ಹತ್ತಾರು ಮಿಲಿಸೆಕೆಂಡ್ ಬೇಕು, ಅಷ್ಟು ಹೊತ್ತು ಫ್ಲಾಶ್‌ನಿಂದ ಓಡುವ ಎರಡೂ ಕೋರ್ ನಿಲ್ಲಬೇಕಾಗುತ್ತದೆ. ನುಡಿಸುವುದನ್ನು ನಿಲ್ಲಿಸಿದಾಗ ಮಾತ್ರ ಬರೆಯಿರಿ.

ತಾಳಕ್ಕೆ ಝಪ್‌ತಾಲ್ ಇಟ್ಟು ನೋಡಿ: 2+3+2+3. ಮಾತ್ರೆ 3, 6, 8ರಲ್ಲಿ ಸ್ವರ ಬರುವ ಪಾಲು ಹದಿನಾರರಲ್ಲಿ 15, ಮೊದಲ ಮಾತ್ರೆಯಾದ ಸಮ್‌ಗೆ ಪೂರ್ತಿ 16, ಉಳಿದ ಕಡೆ 9. ಮಾತ್ರೆಗೊಂದೇ ಹೆಜ್ಜೆ ಇಟ್ಟು, 16 ಮನೆಯ ಸುತ್ತನ್ನು 10 ಮಾತ್ರೆಯ ತಾಳದ ಮೇಲೆ ಓಡಿಸಿದರೆ ಎರಡೂ ಕೂಡುವುದು 80 ಮಾತ್ರೆಗೊಮ್ಮೆ. ಅದೇ ಧಾಟಿ ಪ್ರತಿ ಆವರ್ತನದಲ್ಲೂ ಬೇರೆ ಜಾಗದಲ್ಲಿ ಒತ್ತು ಪಡೆಯುತ್ತದೆ. ಒಂದೂ ಸ್ವರ ಬದಲಿಸದೆ ಸಿಗುವ ವೈವಿಧ್ಯ ಇದು, ನನ್ನ ಕಿವಿಗೆ ಈ ಪೆಟ್ಟಿಗೆಯ ಅತಿ ಸುಂದರ ಸ್ಥಿತಿ. ಯಕ್ಷಗಾನದವರು ತ್ರಿವುಡೆಯ 7 ಇಟ್ಟರೆ 112ಕ್ಕೊಮ್ಮೆ ಕೂಡುತ್ತದೆ.

ಪೆಟ್ಟಿಗೆ, ಉಪ್ಪುಗಾಳಿ, ಕರೆಂಟು

ಹಲಸಿನ ಹಲಗೆಯ ಪೆಟ್ಟಿಗೆ ಚೆನ್ನ. ಆದರೆ ಪಾಟ್ ಕೂರುವ ಮುಂಬದಿ 12 ಮಿಮೀ ಹಲಗೆ ಆಗಲಾರದು, ಪಾಟ್‌ನ ತಿರುಪಿನ ಕುತ್ತಿಗೆ ಅಷ್ಟು ಉದ್ದ ಇರುವುದಿಲ್ಲ. ಮುಂಬದಿಗೆ 2 ಅಥವಾ 3 ಮಿಮೀ ಅಲ್ಯೂಮಿನಿಯಂ ಹಾಳೆ ಇರಲಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಹಾಳೆಯ ತಿರುಪು ಕೂರುವ ತೂತುಗಳನ್ನು ಅರ್ಧ ಮಿಮೀ ಸಡಿಲ ಬಿಡಿ.

ಕಾರವಾರ, ಅಂಕೋಲೆ, ಗೋಕರ್ಣದ ಕಡೆ ಬ್ರೆಡ್‌ಬೋರ್ಡ್ ಮತ್ತು ಚುಚ್ಚುವ ತಂತಿಗಳ ಮೇಲೆ ಕಟ್ಟಿದ್ದು ಒಂದು ಮಳೆಗಾಲ ದಾಟುವುದು ಕಷ್ಟ. ಉಪ್ಪಿನ ತೇವಕ್ಕೆ ಸಂಪರ್ಕಗಳು ಹಸಿರುಗಟ್ಟುತ್ತವೆ, ಐ2ಎಸ್‌ನ ಗಡಿಯಾರ ತಂತಿಯಲ್ಲಿ ಅದು ಆದರೆ ಕೇಳುವುದು ಕರ್ಕಶ ಚಟಪಟ. ಎಲ್ಲವನ್ನೂ ಬೆಸೆಯಿರಿ, ಮೇಲೆ ಅಕ್ರಿಲಿಕ್ ರಕ್ಷಾಲೇಪ ಸಿಂಪಡಿಸಿ. ಸಿಂಪಡಿಸುವ ಮುಂಚೆ ಪಾಟ್, ಜಾಕ್, ಯುಎಸ್‌ಬಿ ಬಾಯಿ, ಬೋರ್ಡಿನ ಬಟನ್‌ಗಳಿಗೆ ಟೇಪ್ ಅಂಟಿಸಿ. ತೇವ ಕಂಡ ಪಾಟ್ ಓದಿನಲ್ಲಿ ಒಮ್ಮೊಮ್ಮೆ ಹುಚ್ಚು ಅಂಕಿ ಹಾರುತ್ತದೆ. ಸರಾಸರಿ ತೆಗೆದರೆ ಆ ಹುಚ್ಚು ಎಲ್ಲಕ್ಕೂ ಹಂಚಿಕೆಯಾಗುತ್ತದೆ. ಐದು ಓದಿ ನಡುವಿನದನ್ನು ಹಿಡಿಯುವುದು ಸರಿ.

ಘಟ್ಟದ ಮೇಲೆ ಕರೆಂಟು ಹೋಗುವುದಕ್ಕೆ ಪವರ್ ಬ್ಯಾಂಕ್ ಉತ್ತರ. ಕಂಪ್ಯೂಟರಿನ ಯುಎಸ್‌ಬಿಯಿಂದ ಬರುವ ಕಿರಿಕಿರಿ ಸದ್ದೂ ಅದರಿಂದ ತಪ್ಪುತ್ತದೆ. ಆದರೆ ಈ ಪೆಟ್ಟಿಗೆ ಎಳೆಯುವುದು 100 ಮಿಲಿಆಂಪಿಗಿಂತ ಕಡಿಮೆ, ಅಷ್ಟು ಸಣ್ಣ ಹೊರೆಗೆ ಹಲವು ಪವರ್ ಬ್ಯಾಂಕ್‌ಗಳು ಅರ್ಧ ನಿಮಿಷದಲ್ಲಿ ತಾವೇ ಆರಿಕೊಳ್ಳುತ್ತವೆ. 5 ವೋಲ್ಟ್‌ಗೆ ಅಡ್ಡಲಾಗಿ 47 ಓಮ್, 1 ವ್ಯಾಟ್ ರೆಸಿಸ್ಟರ್ ಹಾಕಿದರೆ ಎಚ್ಚರವಾಗಿರುತ್ತದೆ. ಅದು ಬಿಸಿಯಾಗುತ್ತದೆ, ಮರಕ್ಕೆ ತಾಗದಂತೆ ಇರಲಿ.

ಬೀಜದ ಸಂಖ್ಯೆ

ಬಟನ್‌ಗಳಲ್ಲಿ ಒಂದು ಹೊಸ ಬೀಜ ಬಿತ್ತಲು, ಇನ್ನೊಂದು ಇದ್ದ ಬೀಜಕ್ಕೆ ಮರಳಲು. 16 ಮನೆಗಳ ಮೊದಲ ಸುತ್ತು ಪೂರ್ತಿ ಬೀಜದಿಂದಲೇ ಬರುವುದರಿಂದ, ಒಳ್ಳೆಯ ಧಾಟಿ ಸಿಕ್ಕಾಗ ಆ ಸಂಖ್ಯೆ ಸೀರಿಯಲ್ ಮಾನಿಟರಿನಲ್ಲಿ ಕಾಣುವಂತೆ ಮಾಡಿ ಪುಸ್ತಕದಲ್ಲಿ ಬರೆದಿಡಿ. ಸಂಖ್ಯೆ ಒಂದೇ ಸಾಲದು. ಬದಲಾವಣೆಯ ಪಾಟ್ ಸೊನ್ನೆಯಲ್ಲಿತ್ತೇ, ತಾಳ ಯಾವುದು, ಕೋಷ್ಟಕ ಯಾವುದು ಎಂಬುದೂ ಪಕ್ಕದಲ್ಲಿರಲಿ. ಗ ಸಾಲಿನ ಒಂದು ಪಾಲನ್ನು ತಿದ್ದಿದ ದಿನದಿಂದ ಹಳೆಯ ಬೀಜಗಳೆಲ್ಲ ಬೇರೆಯೇ ಹಾಡುತ್ತವೆ. ಆದ್ದರಿಂದ ತಿದ್ದುವಾಗ ಹಳೆಯ ಕೋಷ್ಟಕ ಅಳಿಸದೆ, ಭೂಪ್ 1, ಭೂಪ್ 2 ಎಂದು ಪಕ್ಕದಲ್ಲಿ ಹೊಸತನ್ನು ಸೇರಿಸುತ್ತ ಹೋಗಿ. ತಲಾ 100 ಬೈಟ್ ಅಷ್ಟೇ, ಪಿಕೊದಲ್ಲಿ ಜಾಗ ಬೇಕಾದಷ್ಟಿದೆ.